ತನ್ನ ಪಾಠವನ್ನು ತಾನೇ ಕಾಣುವ ಬಗೆ: ಶಿಕ್ಷಕಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಹನ್ನೊಂದು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೇನೆ. ಇತ್ತೀಚೆಗೆ ನಡೆದ ತರಬೇತಿಯೊಂದರಲ್ಲಿ "ಒಳ್ಳೆಯ ಶಿಕ್ಷಕರಾಗಬೇಕಾದರೆ ಮೊದಲು ನಿಮ್ಮನ್ನು ನೀವು ಅರಿತುಕೊಳ್ಳಿ" ಎಂದು ಮತ್ತೆ ಮತ್ತೆ ಹೇಳಿದರು. ಹೇಗೆ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಆ ಬಳಿಕ ನನ್ನ ತರಗತಿಯ ಮಕ್ಕಳಿಂದ ಹೆಸರಿಲ್ಲದ ಚೀಟಿಗಳಲ್ಲಿ ಅಭಿಪ್ರಾಯ ಬರೆಸಿದೆ. ಹೆಚ್ಚಿನವರು ಒಳ್ಳೆಯದನ್ನೇ ಬರೆದಿದ್ದರು. ಆದರೆ ಮೂವರು "ಟೀಚರ್ ಕೆಲವರನ್ನು ಮಾತ್ರ ಪ್ರಶ್ನೆ ಕೇಳುತ್ತಾರೆ" ಎಂದೂ ಒಬ್ಬರು "ತಪ್ಪು ಉತ್ತರ ಹೇಳಿದರೆ ಟೀಚರ್ ಮುಖ ಬದಲಾಗುತ್ತದೆ" ಎಂದೂ ಬರೆದಿದ್ದರು. ನಾನು ಹಾಗೆ ಮಾಡುವವಳಲ್ಲ ಎಂದೇ ನನ್ನ ನಂಬಿಕೆ. ಈ ಸ್ವ-ಅರಿವು ಎಂಬುದು ನಿಜಕ್ಕೂ ಪಾಠವನ್ನು ಉತ್ತಮಗೊಳಿಸುತ್ತದೆಯೇ? ಹೌದಾದರೆ ಅದನ್ನು ಬೆಳೆಸಿಕೊಳ್ಳುವುದು ಹೇಗೆ?

ಉತ್ತರ: ಆ ನಾಲ್ಕು ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ನಿಮ್ಮ ಪ್ರಶ್ನೆಗೆ ಬೇಕಾದ ಉತ್ತರದ ಬಹುಭಾಗ ಅವುಗಳಲ್ಲಿಯೇ ಇರುವುದರಿಂದ ಅವನ್ನೇ ಹಿಡಿದುಕೊಂಡು ಬರೆಯುತ್ತೇನೆ.

ಸ್ವ-ಅರಿವು ಪಾಠವನ್ನು ಉತ್ತಮಗೊಳಿಸುತ್ತದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ತರಬೇತಿಗಳಲ್ಲಿ ಆ ಪದವನ್ನು ಬಳಸುವಾಗ ಸಾಮಾನ್ಯವಾಗಿ ಎರಡು ಬೇರೆ ಸಂಗತಿಗಳನ್ನು ಒಂದೇ ಎಂಬಂತೆ ಹೇಳಿಬಿಡುತ್ತಾರೆ. ನನ್ನ ಸ್ವಭಾವವೇನು, ನನ್ನ ಬಲವೇನು, ನಾನು ಯಾವ ಮೌಲ್ಯಗಳನ್ನು ನಂಬಿದ್ದೇನೆ ಎಂದು ಕಣ್ಣು ಮುಚ್ಚಿ ಕುಳಿತು ಯೋಚಿಸುವುದು ಒಂದು ಬಗೆ. ನಿನ್ನೆಯ ಮೂರನೆಯ ಪಿರಿಯಡ್‌ನಲ್ಲಿ ನಾನು ಯಾರನ್ನು ಪ್ರಶ್ನೆ ಕೇಳಿದೆ, ಎಷ್ಟು ಹೊತ್ತು ಕಾದೆ, ತಪ್ಪು ಉತ್ತರ ಬಂದಾಗ ಏನು ಮಾಡಿದೆ, ಆ ಗಳಿಗೆಯಲ್ಲಿ ನನ್ನೊಳಗೆ ಏನು ನಡೆಯುತ್ತಿತ್ತು ಎಂದು ತಿಳಿದುಕೊಳ್ಳುವುದು ಇನ್ನೊಂದು ಬಗೆ. ಮೊದಲನೆಯದು ವ್ಯಕ್ತಿಗೆ ಒಳ್ಳೆಯದನ್ನು ಮಾಡಬಹುದು. ಮಕ್ಕಳ ಕಲಿಕೆಯನ್ನು ನೇರವಾಗಿ ಮುಟ್ಟುವುದು ಎರಡನೆಯದು. ಅದು ಕಣ್ಣು ಮುಚ್ಚಿಕೊಂಡು ದೊರೆಯುವ ಅರಿವಲ್ಲ. ಹೊರಗಿನ ಪುರಾವೆಯನ್ನು ಎದುರಿಗಿಟ್ಟುಕೊಂಡಾಗ ಮಾತ್ರ ದೊರೆಯುವಂಥದ್ದು. ನಿಮ್ಮ ಕೈಗೆ ಬಂದಿರುವ ಚೀಟಿಗಳು ಅಂಥ ಪುರಾವೆಗಳು.

"ನಾನು ಹಾಗೆ ಮಾಡುವವಳಲ್ಲ" ಎಂಬ ನಿಮ್ಮ ನಂಬಿಕೆ ಪ್ರಾಮಾಣಿಕವಾದದ್ದೇ. ಹಾಗಿದ್ದೂ ಆ ಮಕ್ಕಳು ಬರೆದದ್ದು ನಿಜವಾಗಿರಬಹುದು. ಪಾಠ ಮಾಡುತ್ತಿರುವವರ ಗಮನ ಒಂದೇ ಹೊತ್ತಿಗೆ ಎಷ್ಟು ಕಡೆ ಹರಿದಿರುತ್ತದೆ ಎಂಬುದನ್ನು ನೆನೆಸಿಕೊಳ್ಳಿ: ಬೋರ್ಡಿನ ಮೇಲಿನ ಹೆಜ್ಜೆ, ಮುಂದೆ ಹೇಳಬೇಕಾದ ಮಾತು, ಗಂಟೆ ಹೊಡೆಯಲು ಉಳಿದಿರುವ ನಿಮಿಷಗಳು, ಕಿಟಕಿಯ ಬಳಿಯ ಪಿಸುಮಾತು, ಮುಗಿಯಬೇಕಾದ ಘಟಕ. ಇಷ್ಟನ್ನೂ ನಿಭಾಯಿಸಬೇಕಾದ ಮನಸ್ಸು ಉಳಿದದ್ದನ್ನೆಲ್ಲ ಅಭ್ಯಾಸದ ಕೈಗೆ ಒಪ್ಪಿಸಿಬಿಡುತ್ತದೆ. ಯಾರ ಹೆಸರು ಮೊದಲು ಬಾಯಿಗೆ ಬರುತ್ತದೆ, ಯಾವ ಸಾಲಿನ ಕಡೆ ದೇಹ ತಿರುಗುತ್ತದೆ, ದನಿ ಎಲ್ಲಿ ಏರುತ್ತದೆ ಎಂಬುದೆಲ್ಲ ನಾವು ತೀರ್ಮಾನಿಸದೆಯೇ ನಡೆದುಹೋಗುತ್ತವೆ. ತೀರ್ಮಾನಿಸದೇ ಮಾಡಿದ್ದು ನೆನಪಿನಲ್ಲಿ ಉಳಿಯುವುದಿಲ್ಲ, ನೆನಪಿನಲ್ಲಿ ಇಲ್ಲದ್ದನ್ನು ನಾವು ಮಾಡಿಯೇ ಇಲ್ಲ ಎಂದು ನಂಬುತ್ತೇವೆ. ತನ್ನ ಬೆನ್ನು ತನಗೆ ಕಾಣದು ಎಂಬ ಮಾತು ತರಗತಿಗೆ ಅಕ್ಷರಶಃ ಹೊಂದುತ್ತದೆ. ಅನುಭವ ಹೆಚ್ಚಿದಷ್ಟೂ ಈ ಅಭ್ಯಾಸಗಳು ನುಣುಪಾಗುತ್ತವೆ. ಆದ್ದರಿಂದ ಹನ್ನೊಂದು ವರ್ಷದ ಅನುಭವಿಗೆ ಅವು ಹೊಸಬರಿಗಿಂತಲೂ ಕಡಿಮೆ ಕಾಣಿಸುತ್ತವೆ.

ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ ಕಾಯುವ ಸಮಯದ್ದು. ಅಮೆರಿಕದ ವಿಜ್ಞಾನ ಶಿಕ್ಷಣತಜ್ಞೆ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ, 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ 1 ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ ಎಂಬುದನ್ನು ತೋರಿಸಿದರು. ಅಷ್ಟರೊಳಗೆ ಉತ್ತರ ಬಾರದಿದ್ದರೆ ಪ್ರಶ್ನೆಯನ್ನು ಮತ್ತೊಮ್ಮೆ ಹೇಳುತ್ತಾರೆ, ಬೇರೊಬ್ಬರನ್ನು ಕರೆಯುತ್ತಾರೆ ಅಥವಾ ಉತ್ತರವನ್ನು ತಾವೇ ಹೇಳಿಬಿಡುತ್ತಾರೆ. ಈ ಅವಧಿಯನ್ನು 3 ಸೆಕೆಂಡಿಗೆ ಅಥವಾ ಅದಕ್ಕಿಂತ ಹೆಚ್ಚಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಉತ್ತರವೇ ಬಾರದ ಸಂದರ್ಭಗಳು ಕಡಿಮೆಯಾದವು, ಯಾರೂ ಕೇಳದೆಯೇ ಮಕ್ಕಳು ಮುಂದೆ ಬಂದು ಮಾತನಾಡುವುದು ಹೆಚ್ಚಿತು, ಹಿಂದುಳಿದವರೆಂದು ಶಿಕ್ಷಕರು ಎಣಿಸಿದ್ದ ಮಕ್ಕಳೂ ಬಾಯಿ ತೆರೆದರು. ಬೋಧನೋಪಕರಣ, ಪಠ್ಯಪುಸ್ತಕ, ಮಕ್ಕಳ ಸಂಖ್ಯೆ ಯಾವುದೂ ಬದಲಾಗಬೇಕಾಗಿಲ್ಲ. ಎರಡು ಸೆಕೆಂಡಿನ ಮೌನ ಸಾಕು. ಆದರೆ ತಾನು ಒಂದೇ ಸೆಕೆಂಡು ಕಾಯುತ್ತಿದ್ದೇನೆ ಎಂಬುದೇ ಗೊತ್ತಿಲ್ಲದವರು ಆ ಎರಡು ಸೆಕೆಂಡುಗಳನ್ನು ಎಲ್ಲಿಂದ ಸೇರಿಸಿಯಾರು? ಸ್ವ-ಅರಿವು ಪಾಠವನ್ನು ಹೇಗೆ ಉತ್ತಮಗೊಳಿಸುತ್ತದೆ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ರೋ ಅವರು ಗುರುತಿಸಿದ ಇನ್ನೊಂದು ಸಂಗತಿ ನಿಮ್ಮ ಮೊದಲ ಮೂರು ಚೀಟಿಗಳಿಗೆ ನೇರವಾಗಿ ಸಂಬಂಧಿಸಿದ್ದು. ಚುರುಕಿನವರೆಂದು ಎಣಿಸಿದ ಮಕ್ಕಳಿಗಾಗಿ ಶಿಕ್ಷಕರು ಹೆಚ್ಚು ಹೊತ್ತು ಕಾಯುತ್ತಿದ್ದರು, ಹೆಚ್ಚು ಸಮಯ ಬೇಕಾಗಿದ್ದ ಮಕ್ಕಳಿಗೆ ಕಡಿಮೆ ಸಮಯ ಸಿಗುತ್ತಿತ್ತು. ಅದೇ ಕಾಲಕ್ಕೆ, 1970ರಲ್ಲಿ, ಜೆರಿ ಬ್ರೋಫಿ ಮತ್ತು ಥಾಮಸ್ ಗುಡ್ ಎಂಬ ಸಂಶೋಧಕರು ಒಂದನೆಯ ತರಗತಿಯ ಶಿಕ್ಷಕರನ್ನು ಗಮನಿಸಿ ಇಂಥದ್ದೇ ಮಾದರಿಯನ್ನು ಕಂಡರು. ಹೆಚ್ಚಿನ ನಿರೀಕ್ಷೆಯಿದ್ದ ಮಗು ತಡವರಿಸಿದಾಗ ಶಿಕ್ಷಕರು ಪ್ರಶ್ನೆಯನ್ನು ಬೇರೆ ಮಾತುಗಳಲ್ಲಿ ಕೇಳುತ್ತಿದ್ದರು, ಸುಳಿವು ಕೊಡುತ್ತಿದ್ದರು. ನಿರೀಕ್ಷೆ ಕಡಿಮೆಯಿದ್ದ ಮಗು ತಡವರಿಸಿದಾಗ ಹಾಗೆ ಮಾಡುವುದು ಕಡಿಮೆಯಿತ್ತು. ಆ ಮಗು ಸರಿಯಾಗಿ ಹೇಳಿದಾಗ ಸಿಗುವ ಮೆಚ್ಚುಗೆಯೂ ಕಡಿಮೆ, ತಪ್ಪಿದಾಗ ಸಿಗುವ ಟೀಕೆ ಹೆಚ್ಚು. ಇದನ್ನು ಪಕ್ಷಪಾತ ಎಂದು ಕರೆದು ಮುಗಿಸಿದರೆ ವಿಷಯ ಅರ್ಥವಾಗುವುದಿಲ್ಲ. ನನ್ನ ಅನುಭವದಲ್ಲಿ, ತಡವರಿಸುವ ಮಗುವನ್ನು ಬಿಟ್ಟು ಮುಂದೆ ಹೋಗುವ ಶಿಕ್ಷಕರಲ್ಲಿ ಬಹಳಷ್ಟು ಮಂದಿ ಆ ಮಗುವಿಗೆ ನಾಚಿಕೆಯಾಗಬಾರದು ಎಂಬ ಕಾಳಜಿಯಿಂದಲೇ ಹಾಗೆ ಮಾಡುತ್ತಾರೆ. ಕಾಳಜಿ ನಿಜವಾದದ್ದು. ಮಗುವಿಗೆ ತಲುಪುವ ಸಂದೇಶ ಮಾತ್ರ "ನಿನ್ನಿಂದ ಆಗದು" ಎಂಬುದು.

ಇದನ್ನು ನಾನು ನನ್ನ ದನಿಯಲ್ಲೇ ಕೇಳಿದ್ದೇನೆ. ಶಿಕ್ಷಕರ ತರಬೇತಿಯ ಕೆಲಸಕ್ಕೆ ಬರುವ ಮೊದಲು ನಾನೂ ಗಣಿತ ಕಲಿಸುತ್ತಿದ್ದೆ. ಒಮ್ಮೆ ನನ್ನ ಪಾಠವೊಂದನ್ನು ಧ್ವನಿಮುದ್ರಿಸಿಕೊಂಡು ಸಂಜೆ ಒಬ್ಬನೇ ಕುಳಿತು ಕೇಳಿದೆ. ಭಿನ್ನರಾಶಿಗಳ ಸಂಕಲನದ ಪಾಠ. ಒಬ್ಬ ಹುಡುಗನನ್ನು ಹೆಸರು ಹಿಡಿದು ಕೇಳಿದ್ದೆ: "ಛೇದಗಳು ಬೇರೆ ಬೇರೆ ಇವೆ, ಈಗ ಏನು ಮಾಡಬೇಕು?" ಸ್ವಲ್ಪ ಮೌನ. ನಂತರ ನನ್ನ ದನಿ: "ಬೇರೆ ಯಾರು ಹೇಳುತ್ತೀರಿ?" ಆ ಎರಡರ ನಡುವೆ ಏನೋ ಸದ್ದು ಇದ್ದಂತಿತ್ತು. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ. ಆ ಹುಡುಗ "ಅದು… ಎರಡನ್ನೂ…" ಎಂದು ಶುರು ಮಾಡಿದ್ದ. ಅವನ ಮಾತಿನ ಮೇಲೆಯೇ ನನ್ನ ಮಾತು ಬಿದ್ದಿತ್ತು. ಬೇರೊಬ್ಬ ಹುಡುಗಿ ಸಾಮಾನ್ಯ ಛೇದದ ವಿಷಯ ಹೇಳಿದಳು, ನಾನು "ಸರಿ, ಗುಡ್" ಎಂದೆ, ಪಾಠ ಮುಂದೆ ಹೋಯಿತು. ಆ ಹುಡುಗನ ದನಿ ಆ ಪಿರಿಯಡ್‌ನಲ್ಲಿ ಮತ್ತೆ ಕೇಳಿಸಲಿಲ್ಲ. "ಎರಡನ್ನೂ" ಎಂದ ಮೇಲೆ ಅವನು ಏನು ಹೇಳಲಿದ್ದ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಪಾಠ ಮುಗಿಸಿ ಹೊರಬಂದಾಗ ಯಾರಾದರೂ ಕೇಳಿದ್ದರೆ, ಅವನಿಗೆ ಅವಕಾಶ ಕೊಟ್ಟಿದ್ದೆ, ಅವನು ಉತ್ತರಿಸಲಿಲ್ಲ ಎಂದೇ ನಾನು ಪೂರ್ಣ ಪ್ರಾಮಾಣಿಕತೆಯಿಂದ ಹೇಳುತ್ತಿದ್ದೆ.

ಇನ್ನು ನಾಲ್ಕನೆಯ ಚೀಟಿ. ಮಕ್ಕಳು ಶಿಕ್ಷಕರ ಮುಖವನ್ನು ಎಷ್ಟು ಬೇಗ ಓದುತ್ತಾರೆ ಎಂಬುದನ್ನು ನಾವು ಕಡೆಗಣಿಸುತ್ತೇವೆ. ಮನೋವಿಜ್ಞಾನಿಗಳಾದ ನಳಿನಿ ಅಂಬಾಡಿ ಮತ್ತು ರಾಬರ್ಟ್ ರೋಸೆಂತಾಲ್ 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅರ್ಧ ನಿಮಿಷಕ್ಕೂ ಮೀರದ, ಧ್ವನಿಯಿಲ್ಲದ ವಿಡಿಯೋ ತುಣುಕುಗಳನ್ನು ನೋಡಿ ಅಪರಿಚಿತರು ಬೋಧಕರ ಬಗ್ಗೆ ಕೊಟ್ಟ ಅಂದಾಜು, ಇಡೀ ಅವಧಿ ಅವರ ಬಳಿ ಕಲಿತ ವಿದ್ಯಾರ್ಥಿಗಳು ಕೊನೆಯಲ್ಲಿ ಕೊಟ್ಟ ಮೌಲ್ಯಮಾಪನಕ್ಕೆ ಬಹುಮಟ್ಟಿಗೆ ಹತ್ತಿರವಿತ್ತು. ಒಂದು ಮಾತನ್ನೂ ಕೇಳಿಸಿಕೊಳ್ಳದ ಅಪರಿಚಿತರಿಗೆ ಇಷ್ಟು ಕಾಣುವುದಾದರೆ, ವರ್ಷವಿಡೀ ನಿಮ್ಮ ಮುಖವನ್ನೇ ನೋಡುತ್ತ ಕೂರುವ ಮಕ್ಕಳಿಗೆ ಎಷ್ಟು ಕಾಣಬೇಡ?

ಆದರೆ ಕಾಣುವುದು ಬೇರೆ, ಕಂಡದ್ದಕ್ಕೆ ಅರ್ಥ ಹಚ್ಚುವುದು ಬೇರೆ. ತಪ್ಪು ಉತ್ತರ ಕೇಳಿದಾಗ ನಿಮ್ಮ ಹುಬ್ಬು ಗಂಟಿಕ್ಕುವುದು "ಈ ತಪ್ಪು ಎಲ್ಲಿಂದ ಬಂತು?" ಎಂಬ ಆಲೋಚನೆಯಿಂದ ಇರಬಹುದು. ಮಗು ಅದನ್ನು ಕೋಪ ಎಂದು ಓದುತ್ತದೆ. ನೀವು ಕೋಪಗೊಂಡಿರಲಿಲ್ಲ ಎಂಬುದೂ ನಿಜ, ನಿಮ್ಮ ಮುಖ ಬದಲಾಯಿತು ಎಂಬುದೂ ನಿಜ. ಈ ಎರಡು ನಿಜಗಳ ನಡುವಿನ ಅಂತರವನ್ನು ಕಂಡುಕೊಳ್ಳುವುದು ನಿಮಗೆ ಮಾತ್ರ ಸಾಧ್ಯವಿರುವ ಕೆಲಸ. ಅಂತರ ತಿಳಿದ ಮೇಲೆ ಪರಿಹಾರ ಬಹಳ ಸುಲಭವೂ ಆಗಿರಬಹುದು: "ನಿನ್ನ ಉತ್ತರದ ಬಗ್ಗೆ ಯೋಚಿಸುತ್ತಿದ್ದೇನೆ, ನೀನು ಅದನ್ನು ಹೇಗೆ ಮಾಡಿದೆ ಹೇಳು" ಎಂದು ಬಾಯಿಬಿಟ್ಟು ಹೇಳಿದರೆ ಸಾಕು, ಗಂಟಿಕ್ಕಿದ ಹುಬ್ಬಿನ ಅರ್ಥವೇ ಮಗುವಿಗೆ ಬದಲಾಗುತ್ತದೆ.

ಹಾಗಂತ ಅದು ಪ್ರತಿಸಲವೂ ಬರಿಯ ಆಲೋಚನೆಯೇ ಆಗಿರುತ್ತದೆ ಎಂದು ನಾನು ಹೇಳಲಾರೆ. ಒಂದು ಸಂದರ್ಭವನ್ನು ಹತ್ತಿರದಿಂದ ನೋಡೋಣ. ಮೂರು ದಿನ ಭಿನ್ನರಾಶಿ ಕಲಿಸಿದ ಮೇಲೆ 1/2 ಮತ್ತು 1/3 ಕೂಡಿದರೆ ಎಷ್ಟು ಎಂದು ಕೇಳುತ್ತೀರಿ, ಒಂದು ಮಗು 2/5 ಎನ್ನುತ್ತದೆ. ಆ ಕ್ಷಣದಲ್ಲಿ ಗಂಟಲು ಬಿಗಿಯುತ್ತದೆ, ಚಾಕ್‌ಪೀಸ್ ಹಿಡಿದ ಬೆರಳು ಗಟ್ಟಿಯಾಗುತ್ತದೆ, "ಎಷ್ಟು ಸಲ ಹೇಳಿದ್ದೇನೆ!" ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ಈ ಕಿರಿಕಿರಿಯ ಬೇರು ಆ ಮಗುವಿನಲ್ಲಿ ಇರುವುದು ಕಡಿಮೆ. ಘಟಕ ಮುಗಿದಿಲ್ಲ, ಪರೀಕ್ಷೆ ಹತ್ತಿರ ಬಂತು, ಮೂರು ದಿನದ ನನ್ನ ಕೆಲಸ ವ್ಯರ್ಥವಾಯಿತೇ ಎಂಬ ಅಳುಕಿನಲ್ಲಿ ಅದು ಇರುತ್ತದೆ. ಅಳುಕು ಕೋಪದ ರೂಪದಲ್ಲಿ ಹೊರಬರುವುದು ಮನುಷ್ಯಸಹಜ. ಬಿಗಿದ ಗಂಟಲನ್ನು ಗುರುತಿಸಿ, "ಇದು ನನ್ನ ಅವಸರ" ಎಂದು ಮನಸ್ಸಿನಲ್ಲೇ ಹೆಸರಿಟ್ಟುಕೊಂಡವರಿಗೆ ಒಂದು ಸಣ್ಣ ಬಿಡುವು ದೊರೆಯುತ್ತದೆ. ಆ ಬಿಡುವಿನಲ್ಲಿ 2/5 ಎಂಬ ಉತ್ತರವೇ ಬೇರೆಯಾಗಿ ಕಾಣುತ್ತದೆ. ಮಗು ಮೇಲಿನ ಎರಡು ಅಂಕಿಗಳನ್ನೂ ಕೆಳಗಿನ ಎರಡು ಅಂಕಿಗಳನ್ನೂ ಬೇರೆ ಬೇರೆಯಾಗಿ ಕೂಡಿದೆ. ಅಂದರೆ ಭಿನ್ನರಾಶಿಯನ್ನು ಅದು ಒಂದು ಸಂಖ್ಯೆಯಾಗಿ ನೋಡುತ್ತಿಲ್ಲ, ಗೆರೆಯ ಮೇಲೊಂದು ಕೆಳಗೊಂದು ಇರುವ ಎರಡು ಸಂಖ್ಯೆಗಳಾಗಿ ನೋಡುತ್ತಿದೆ. "ಅರ್ಧ ದೊಡ್ಡದೋ, 2/5 ದೊಡ್ಡದೋ?" ಎಂದು ಕೇಳಿದರೆ, ಅರ್ಧಕ್ಕೆ ಇನ್ನಷ್ಟು ಕೂಡಿಸಿದ ಮೇಲೂ ಅರ್ಧಕ್ಕಿಂತ ಕಡಿಮೆ ಹೇಗಾಯಿತು ಎಂದು ಮಗುವೇ ಬೆರಗಾಗುತ್ತದೆ. ಪಾಠ ನಡೆಯಬೇಕಾದದ್ದು ಆ ಬೆರಗಿನಲ್ಲಿ. "ಎಷ್ಟು ಸಲ ಹೇಳಿದ್ದೇನೆ" ಎಂಬ ಮಾತು ಹೊರಬಿದ್ದಿದ್ದರೆ ಆ ಬಾಗಿಲು ಮುಚ್ಚಿಹೋಗುತ್ತಿತ್ತು. ವಿಷಯಜ್ಞಾನ ಎರಡೂ ಸಂದರ್ಭಗಳಲ್ಲಿ ಒಂದೇ; ಅದು ಕೈಗೆ ಸಿಗುವಷ್ಟು ಹೊತ್ತು ಕಿರಿಕಿರಿಯನ್ನು ತಡೆದು ನಿಲ್ಲಿಸಿದ್ದು ಅರಿವು.

ಮಕ್ಕಳ ವರ್ತನೆಗೆ ನಾವು ಕೊಡುವ ಕಾರಣಗಳನ್ನೂ ಇದೇ ರೀತಿ ನೋಡಬೇಕು. ನಾನು ತಡವಾಗಿ ಬಂದರೆ ದಾರಿಯಲ್ಲಿ ಅಡಚಣೆಯಿತ್ತು, ಅವನು ತಡವಾಗಿ ಬಂದರೆ ಅವನು ಬೇಜವಾಬ್ದಾರಿ. ಇನ್ನೊಬ್ಬರ ನಡತೆಗೆ ಅವರ ಸ್ವಭಾವವೇ ಕಾರಣ ಎಂದು ಬೇಗ ತೀರ್ಮಾನಿಸಿ ಪರಿಸ್ಥಿತಿಯನ್ನು ಮರೆಯುವ ಈ ಒಲವನ್ನು ಮನೋವಿಜ್ಞಾನಿ ಲೀ ರಾಸ್ 1977ರಲ್ಲಿ ಮೂಲಭೂತ ಆರೋಪಣಾ ದೋಷ ಎಂಬ ಅರ್ಥದ ಹೆಸರಿನಿಂದ ಕರೆದರು. ಸ್ಟಾಫ್ ರೂಮಿನಲ್ಲಿ "ಸೋಮಾರಿ", "ಮೊಂಡ", "ಆ ಹುಡುಗಿಗೆ ಗಣಿತ ಹತ್ತುವುದೇ ಇಲ್ಲ" ಎಂಬ ಮಾತುಗಳು ಓಡಾಡುವಾಗ ನಾವೆಲ್ಲರೂ ಈ ದೋಷದೊಳಗೇ ಇರುತ್ತೇವೆ. ಮಗುವಿನ ಬಗ್ಗೆ ನೀವು ಬಳಸುವ ವಿಶೇಷಣವನ್ನು ಒಮ್ಮೆ ಕ್ರಿಯಾಪದವಾಗಿ ಬದಲಿಸಿ ಬರೆದು ನೋಡಿ: "ಸೋಮಾರಿ" ಎಂಬುದರ ಜಾಗದಲ್ಲಿ "ಈ ವಾರ ಎರಡು ದಿನ ಹೋಂವರ್ಕ್ ತಂದಿಲ್ಲ". ಎರಡನೆಯ ವಾಕ್ಯದ ಮುಂದೆ "ಏಕೆ?" ಎಂದು ಕೇಳಲು ಮನಸ್ಸು ಬರುತ್ತದೆ.

ಇಲ್ಲಿ ನಿರೀಕ್ಷೆಗಳ ಪ್ರಭಾವದ ಕುರಿತ ಪ್ರಸಿದ್ಧ ಪ್ರಯೋಗವನ್ನು ನೀವು ಬಿ.ಎಡ್. ಓದುವಾಗ ಕೇಳಿರಬಹುದು. ರೋಸೆಂತಾಲ್ ಮತ್ತು ಲೆನೋರ್ ಜೇಕಬ್ಸನ್ 1968ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ, ಯಾವ ಆಧಾರವೂ ಇಲ್ಲದೆ ಆರಿಸಿದ ಕೆಲವು ಮಕ್ಕಳನ್ನು "ಇವರು ಈ ವರ್ಷ ಚೆನ್ನಾಗಿ ಬೆಳೆಯುತ್ತಾರೆ" ಎಂದು ಶಿಕ್ಷಕರಿಗೆ ತಿಳಿಸಲಾಗಿತ್ತು, ಮತ್ತು ಅಂಥ ಮಕ್ಕಳ ಬುದ್ಧಿಪರೀಕ್ಷೆಯ ಅಂಕಗಳು, ಮುಖ್ಯವಾಗಿ ಚಿಕ್ಕ ತರಗತಿಗಳಲ್ಲಿ, ಹೆಚ್ಚಾದವು ಎಂದು ವರದಿಯಾಗಿತ್ತು. ಆ ಪ್ರಯೋಗದ ವಿಧಾನದ ಬಗ್ಗೆ ಆಮೇಲೆ ಗಂಭೀರ ಆಕ್ಷೇಪಗಳು ಬಂದಿವೆ. ನಿರೀಕ್ಷೆಯ ಪರಿಣಾಮ ಇದೆ, ಆದರೆ ಸಾಮಾನ್ಯವಾಗಿ ಅದು ಸಣ್ಣದು ಎಂದು ನಂತರದ ಸಂಶೋಧನೆಗಳು ತೋರಿಸಿವೆ. ಆದ್ದರಿಂದ ನಿಮ್ಮ ಮನಸ್ಸಿನ ಅನಿಸಿಕೆಯೇ ಮಗುವಿನ ಹಣೆಬರಹ ಬರೆಯುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನು ಹಾಗೆಯೇ ಒಪ್ಪಬೇಡಿ. ಮನಸ್ಸಿನೊಳಗಿನ ನಿರೀಕ್ಷೆಗಿಂತ ಅದು ಹೊರಗೆ ಪಡೆಯುವ ರೂಪ ನನಗೆ ಮುಖ್ಯವಾಗಿ ಕಾಣುತ್ತದೆ: ಕಾದ ಸೆಕೆಂಡುಗಳು, ಕೊಟ್ಟ ಸುಳಿವು, ಮತ್ತೆ ಕೇಳಿದ ಪ್ರಶ್ನೆ. ಇವುಗಳನ್ನು ಎಣಿಸಬಹುದು, ಎಣಿಸಿದ್ದನ್ನು ಬದಲಿಸಬಹುದು.

ಗಣಿತದವರಿಗೆ ವಿಶೇಷವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಒಂದು ಸರಳ ಪ್ರಯೋಗ ಮಾಡಿದರು. ಕೆಲವರು ಎಲ್ಲರಿಗೂ ಗೊತ್ತಿರುವ ಹಾಡುಗಳ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು, ಕೇಳುವವರು ಯಾವ ಹಾಡು ಎಂದು ಊಹಿಸಬೇಕು. ಅರ್ಧದಷ್ಟು ಹಾಡುಗಳನ್ನಾದರೂ ಗುರುತಿಸುತ್ತಾರೆ ಎಂದು ತಟ್ಟಿದವರು ನಂಬಿದ್ದರು. 120 ಹಾಡುಗಳಲ್ಲಿ ಗುರುತಿಸಲು ಸಾಧ್ಯವಾದದ್ದು 3 ಮಾತ್ರ. ತಟ್ಟುವವರ ತಲೆಯೊಳಗೆ ರಾಗ ನುಡಿಯುತ್ತಿರುತ್ತದೆ. ಕೇಳುವವರಿಗೆ ಬರೀ ಟಕ್ ಟಕ್ ಸದ್ದು. ಬೀಜಗಣಿತದ ಒಂದು ಸಮೀಕರಣವನ್ನು ಬೋರ್ಡಿನ ಮೇಲೆ ಬಿಡಿಸುತ್ತ "ಇದು ಈ ಕಡೆಗೆ ಬಂತು, ಮೈನಸ್ ಆಯಿತು" ಎಂದು ನೀವು ಹೇಳುವಾಗ ನಿಮ್ಮ ತಲೆಯಲ್ಲಿ ಇಡೀ ರಾಗವಿದೆ, ಎರಡೂ ಬದಿಗಳಿಂದ ಒಂದೇ ಸಂಖ್ಯೆಯನ್ನು ಕಳೆದದ್ದು ನಿಮಗೆ ಕಾಣುತ್ತದೆ. ಮಕ್ಕಳಿಗೆ ಕಂಡದ್ದು ಒಂದು ಅಂಕಿ ಬೇಲಿ ಹಾರಿ ವೇಷ ಬದಲಿಸಿದ್ದು. "ಇದು ಬಹಳ ಸುಲಭ", "ಗೊತ್ತಲ್ಲವೇ", "ಅರ್ಥವಾಯಿತಲ್ಲ" ಎಂಬ ಮಾತುಗಳು ನಿಮ್ಮ ಪಾಠದಲ್ಲಿ ಎಷ್ಟು ಸಲ ಬರುತ್ತವೆ ಎಂದು ಗಮನಿಸಿ. ಬಹಳ ಸಲ ನಾವು ಹೆಜ್ಜೆಯೊಂದನ್ನು ಬಿಟ್ಟು ಹಾರಿರುವುದು ಆ ಮಾತುಗಳಿರುವ ಕಡೆಯೇ.

ಇಂಥ ಅಭ್ಯಾಸಗಳು ಎಲ್ಲಿಂದ ಬಂದವು ಎಂಬುದನ್ನು ಒಮ್ಮೆಯಾದರೂ ಯೋಚಿಸುವುದು ಒಳ್ಳೆಯದು. ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಒಂದು ಮುಖ್ಯ ಸಂಗತಿಯತ್ತ ಗಮನ ಸೆಳೆದರು: ಶಿಕ್ಷಕ ವೃತ್ತಿಗೆ ಬರುವವರು ಅದಕ್ಕೂ ಮೊದಲು ವಿದ್ಯಾರ್ಥಿಗಳಾಗಿ ಸುಮಾರು 13,000 ಗಂಟೆ ತಮ್ಮ ಶಿಕ್ಷಕರನ್ನು ನೋಡುತ್ತ ಕುಳಿತಿರುತ್ತಾರೆ. ತರಬೇತಿ ಕಾಲೇಜಿನ ಒಂದೆರಡು ವರ್ಷ ಅದರ ಮುಂದೆ ಬಹಳ ಚಿಕ್ಕದು. ಒತ್ತಡದ ಗಳಿಗೆಯಲ್ಲಿ ನಮ್ಮ ಬಾಯಿಂದ ಬರುವುದು ಬಿ.ಎಡ್.ನಲ್ಲಿ ಓದಿದ ವಿಧಾನವಲ್ಲ, ಎಂದೋ ನಮಗೆ ಪಾಠ ಮಾಡಿದವರ ಮಾತು, ಎಷ್ಟೋ ಸಲ ಅವರದೇ ಧಾಟಿಯಲ್ಲಿ. ನಿಮ್ಮ ಯಾವ ಮಾತು ಯಾರದು ಎಂದು ಗುರುತಿಸಲು ಸಾಧ್ಯವಾದರೆ, ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದನ್ನು ನೀವು ತೀರ್ಮಾನಿಸಬಹುದು.

ಈಗ ಬೆಳೆಸಿಕೊಳ್ಳುವ ಬಗೆಗೆ ಬರುತ್ತೇನೆ. ನನ್ನ ಮೊದಲ ಸಲಹೆ ಧ್ವನಿಮುದ್ರಣ. ಶಾಲೆಯ ಅನುಮತಿ ಪಡೆದು, ಮಕ್ಕಳಿಗೂ ತಿಳಿಸಿ, ನಿಮ್ಮ ಫೋನನ್ನು ಮೇಜಿನ ಮೇಲಿಟ್ಟು ಒಂದು ಪಾಠವನ್ನು ಮುದ್ರಿಸಿಕೊಳ್ಳಿ. ಕೇಳಿ ಮುಗಿದ ಮೇಲೆ ಅಳಿಸಿಹಾಕಿ. ವಿಡಿಯೋ ಇನ್ನೂ ಹೆಚ್ಚು ತೋರಿಸುತ್ತದೆ ಎಂಬುದು ನಿಜ, ಆದರೆ ಅದರಲ್ಲಿ ನಮ್ಮ ರೂಪ, ಉಡುಪು, ನಿಲುವಿನ ಮೇಲೆಯೇ ಗಮನ ಹೋಗುವುದರಿಂದ ಶುರುವಿಗೆ ಧ್ವನಿಯೇ ಮೇಲು. ಕೇಳುವಾಗ ಒಂದೇ ಒಂದು ಸಂಗತಿಯನ್ನು ಎಣಿಸಿ. ಒಂದು ವಾರ ಕಾಯುವ ಸೆಕೆಂಡುಗಳು, ಇನ್ನೊಂದು ವಾರ ತಪ್ಪು ಉತ್ತರದ ನಂತರದ ನಿಮ್ಮ ಮೊದಲ ಮಾತು, ಮತ್ತೊಂದು ವಾರ ನಿಮ್ಮ ಮಾತಿಗೂ ಮಕ್ಕಳ ಮಾತಿಗೂ ಇರುವ ಪ್ರಮಾಣ. ಶಿಕ್ಷಣ ಸಂಶೋಧಕ ನೆಡ್ ಫ್ಲಾಂಡರ್ಸ್ ಅವರ ಅಂತರ್‌ಕ್ರಿಯಾ ವಿಶ್ಲೇಷಣೆಯನ್ನು ನೀವು ಓದಿರಬೇಕು: ತರಗತಿಯ ಮಾತುಕತೆಯನ್ನು ಹತ್ತು ವರ್ಗಗಳಾಗಿ ವಿಂಗಡಿಸಿ, ಆಗ ನಡೆಯುತ್ತಿರುವುದು ಯಾವ ವರ್ಗದ್ದು ಎಂದು ಪ್ರತಿ 3 ಸೆಕೆಂಡಿಗೆ ಒಮ್ಮೆ ದಾಖಲಿಸುವ ವಿಧಾನ ಅದು. ತರಗತಿಯ ಸಮಯದ ಮೂರರಲ್ಲಿ ಎರಡು ಪಾಲು ಮಾತು, ಆ ಮಾತಿನ ಮೂರರಲ್ಲಿ ಎರಡು ಪಾಲು ಶಿಕ್ಷಕರದು ಎಂದು ಅವರು ಹೇಳಿದ್ದನ್ನು ಪರೀಕ್ಷೆಗಾಗಿ ಬರೆದು ಮರೆತಿರುತ್ತೇವೆ. ಆ ಹತ್ತು ವರ್ಗಗಳ ಪೂರ್ಣ ಲೆಕ್ಕ ನಿಮಗೆ ಬೇಡ. "ನಾನು", "ಮಕ್ಕಳು", "ಮೌನ" ಎಂಬ ಮೂರು ಸಾಲು ಸಾಕು.

ನಿಮ್ಮ ಮೂರು ಚೀಟಿಗಳ ವಿಷಯಕ್ಕೆ ಇನ್ನೂ ಸರಳವಾದ ದಾರಿಯಿದೆ. ತರಗತಿಯ ಆಸನಗಳ ನಕ್ಷೆಯನ್ನು ಒಂದು ಹಾಳೆಯಲ್ಲಿ ಬರೆದು ಸಹೋದ್ಯೋಗಿಯೊಬ್ಬರ ಕೈಗೆ ಕೊಡಿ. ನೀವು ಯಾರನ್ನು ಪ್ರಶ್ನೆ ಕೇಳಿದರೂ ಆ ಜಾಗದಲ್ಲಿ ಅವರೊಂದು ಗೀಟು ಹಾಕಲಿ. "ನನ್ನ ಪಾಠ ಹೇಗಿತ್ತು?" ಎಂದು ಕೇಳಬೇಡಿ, ಆ ಪ್ರಶ್ನೆಗೆ ಸ್ನೇಹಿತರು "ಚೆನ್ನಾಗಿತ್ತು" ಎಂದೇ ಹೇಳಬೇಕಾಗುತ್ತದೆ. ಗೀಟು ಹಾಕುವ ಕೆಲಸದಲ್ಲಿ ಅಭಿಪ್ರಾಯಕ್ಕೆ ಜಾಗವಿಲ್ಲ, ಆದ್ದರಿಂದ ಮುಜುಗರವೂ ಇಲ್ಲ. 1970ರಲ್ಲಿ ರೇಮಂಡ್ ಆಡಮ್ಸ್ ಮತ್ತು ಬ್ರೂಸ್ ಬಿಡಲ್ ಅವರು ತರಗತಿಗಳ ವಿಡಿಯೋ ದಾಖಲೆಗಳನ್ನು ನೋಡಿ, ಶಿಕ್ಷಕರೊಡನೆ ನಡೆಯುವ ಮಾತುಕತೆಯ ಬಹುಪಾಲು ಮುಂದಿನ ಸಾಲಿನಲ್ಲಿ ಮತ್ತು ತರಗತಿಯ ನಟ್ಟನಡುವೆ ಮುಂದಿನಿಂದ ಹಿಂದಕ್ಕೆ ಸಾಗುವ ಸಾಲಿನಲ್ಲಿ ಕೂರುವವರೊಡನೆ ಎಂಬುದನ್ನು ತೋರಿಸಿದ್ದರು. ನಿಮ್ಮ ನಕ್ಷೆಯಲ್ಲೂ ಗೀಟುಗಳು ಎಲ್ಲೋ ಒತ್ತಾಗಿ ಎಲ್ಲೋ ಬಯಲಾಗಿ ಕಾಣುವ ಸಾಧ್ಯತೆ ಹೆಚ್ಚು. ಬಯಲಾದ ಮೂಲೆಯಲ್ಲಿ ಯಾರು ಕೂರುತ್ತಾರೆ ಎಂದು ನೋಡಿ. ಮರುದಿನ ಪ್ರಶ್ನೆ ಕೇಳುವ ಮೊದಲು ಆ ಮೂಲೆಗೆ ನಡೆದುಹೋಗಿ ಅಲ್ಲಿಂದ ಕೇಳಿ. ದೇಹ ನಿಂತ ಜಾಗ ಬದಲಾದರೆ ಕಣ್ಣಿಗೆ ಬೀಳುವ ಮಕ್ಕಳೂ ಬದಲಾಗುತ್ತಾರೆ.

ಮಕ್ಕಳಿಂದ ಬರೆಸುವುದನ್ನು ನಿಲ್ಲಿಸಬೇಡಿ, ಆದರೆ ಪ್ರಶ್ನೆಯನ್ನು ಬದಲಿಸಿ. "ಪಾಠ ಹೇಗಿದೆ?" ಎಂದು ಕೇಳಿದರೆ ಮೆಚ್ಚುಗೆ ಬರುತ್ತದೆ. "ಇಂದಿನ ಪಾಠದಲ್ಲಿ ನಿನಗೆ ಕೈ ಜಾರಿದ್ದು ಎಲ್ಲಿ?", "ಕೇಳಬೇಕು ಎನ್ನಿಸಿಯೂ ಕೇಳದೆ ಉಳಿದ ಪ್ರಶ್ನೆ ಯಾವುದು?" ಎಂದು ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಬರುತ್ತದೆ. ಬರೆದ ಮಗು ಯಾವುದು ಎಂದು ಕೈಬರಹದಿಂದ ಪತ್ತೆಹಚ್ಚಲು ಹೋಗಬೇಡಿ. ಒಮ್ಮೆ ಹಾಗೆ ಮಾಡಿದರೆ ಮುಂದೆಂದೂ ಯಾರೂ ನಿಜ ಬರೆಯುವುದಿಲ್ಲ.

ದಿನಚರಿ ಬರೆಯುವುದನ್ನು ಎಲ್ಲ ತರಬೇತಿಗಳಲ್ಲೂ ಹೇಳುತ್ತಾರೆ. ವೃತ್ತಿಪರರು ಕೆಲಸದಲ್ಲಿ ಹೇಗೆ ಯೋಚಿಸುತ್ತಾರೆ ಎಂಬುದನ್ನು ಅಧ್ಯಯನ ಮಾಡಿದ ಡೊನಾಲ್ಡ್ ಶೋನ್ 1983ರಲ್ಲಿ ಎರಡು ಬಗೆಯ ಚಿಂತನೆಯನ್ನು ಬೇರ್ಪಡಿಸಿ ತೋರಿಸಿದರು: ಕೆಲಸ ಮುಗಿದ ಮೇಲೆ ಅದರ ಬಗ್ಗೆ ಚಿಂತಿಸುವುದು, ಕೆಲಸ ನಡೆಯುತ್ತಿರುವಾಗಲೇ ಅದರೊಳಗೆ ಚಿಂತಿಸುವುದು. 2/5 ಎಂಬ ಉತ್ತರದೆದುರು ದೊರೆತ ಬಿಡುವು ಎರಡನೆಯ ಬಗೆಯದು, ಮತ್ತು ಅದು ಮೊದಲನೆಯದರ ಅಭ್ಯಾಸದಿಂದಲೇ ಬೆಳೆಯುವುದು ಎಂದು ನನ್ನ ಅನುಭವ. ಆದರೆ ದಿನಚರಿ ಬರೆಯುವಾಗ ಒಂದು ಎಚ್ಚರ ಬೇಕು. "ನಾನೇಕೆ ಹೀಗೆ?" ಎಂದು ಬರೆಯಲು ಶುರುಮಾಡಿದರೆ ನಾಲ್ಕನೆಯ ಸಾಲಿಗೆ ತನ್ನನ್ನು ತಾನೇ ಹಳಿದುಕೊಳ್ಳುವುದು ಆರಂಭವಾಗುತ್ತದೆ, ಅಥವಾ ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಳ್ಳುವುದು. ಎರಡರಿಂದಲೂ ಮರುದಿನದ ಪಾಠಕ್ಕೆ ಏನೂ ದಕ್ಕುವುದಿಲ್ಲ. "ಏನಾಯಿತು, ಆಗ ನಾನು ಏನು ಮಾಡಿದೆ, ಮಗು ಏನು ಮಾಡಿತು, ನಾಳೆ ಏನನ್ನು ಬೇರೆ ಮಾಡುತ್ತೇನೆ" ಎಂದು ಐದಾರು ಸಾಲು ಸಾಕು. ಬರೆದದ್ದನ್ನು ತಿಂಗಳ ಕೊನೆಗೆ ಒಮ್ಮೆ ಒಟ್ಟಿಗೆ ಓದಿ. ಒಂದೇ ಪಿರಿಯಡ್, ಒಂದೇ ತರಗತಿ, ಒಂದೇ ಮಗು ಮತ್ತೆ ಮತ್ತೆ ಬರುತ್ತಿದ್ದರೆ ಅಲ್ಲಿ ಗಮನ ಕೊಡಬೇಕಾದದ್ದು ಇದೆ. ಕೊನೆಯ ಪಿರಿಯಡ್‌ನಲ್ಲೇ ದನಿ ಏರುತ್ತದೆ ಎಂದು ಕಂಡುಬಂದರೆ, ಅಲ್ಲಿ ಕೆಲಸ ಮಾಡುತ್ತಿರುವುದು ಸ್ವಭಾವವಲ್ಲ, ದಣಿವು; ಆ ಪಿರಿಯಡ್‌ನ ಪಾಠಯೋಜನೆಯನ್ನು ಮಕ್ಕಳೇ ಹೆಚ್ಚು ಕೆಲಸ ಮಾಡುವಂತೆ ಬದಲಿಸಿಕೊಳ್ಳಬಹುದು.

ದಣಿವಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ನ್ಯೂಯಾರ್ಕ್ ನಗರದ 36 ಪ್ರಾಥಮಿಕ ಶಾಲೆಗಳ 224 ಶಿಕ್ಷಕರೊಡನೆ ನಡೆದು 2017ರಲ್ಲಿ ಪ್ರಕಟವಾದ, ಪೆಟ್ರೀಷಿಯಾ ಜೆನಿಂಗ್ಸ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ತಮ್ಮ ಭಾವನೆಗಳನ್ನು ಗುರುತಿಸಿ ಸಂಭಾಳಿಸುವ ತರಬೇತಿ ಪಡೆದ ಶಿಕ್ಷಕರಲ್ಲಿ ಮಾನಸಿಕ ಒತ್ತಡ ಕಡಿಮೆಯಾಯಿತು, ಅಷ್ಟೇ ಅಲ್ಲ, ಅವರ ತರಗತಿಗಳಲ್ಲಿ ಮಕ್ಕಳಿಗೆ ಸಿಗುವ ಭಾವನಾತ್ಮಕ ಆಸರೆಯೂ ಹೊರಗಿನ ವೀಕ್ಷಕರ ಕಣ್ಣಿಗೆ ಕಾಣುವಂತೆ ಸುಧಾರಿಸಿತ್ತು. ಶಿಕ್ಷಕರ ಮನಸ್ಸಿನ ನೆಮ್ಮದಿ ಮಕ್ಕಳ ಪಾಲಿಗೂ ಸಲ್ಲುತ್ತದೆ ಎಂಬುದಕ್ಕೆ ಇದು ಒಳ್ಳೆಯ ಆಧಾರ.

ಹಾಗೆಂದು ಎಲ್ಲ ತೊಡಕಿಗೂ ಸ್ವ-ಅರಿವೇ ಮದ್ದು ಎಂದು ಹೇಳುವವರ ಜೊತೆ ನಾನು ನಿಲ್ಲಲಾರೆ. ವಿಷಯದ ಮೇಲೆ ಹಿಡಿತವಿಲ್ಲದಿದ್ದರೆ ಬಿಡುವು ದೊರೆತರೂ ಅದರಲ್ಲಿ ಮಾಡಲು ಏನೂ ಇರುವುದಿಲ್ಲ. ಒಂದು ಕೋಣೆಯಲ್ಲಿ ಎಪ್ಪತ್ತು ಮಕ್ಕಳನ್ನು ಕೂರಿಸಿ, ಶಿಕ್ಷಕರಿಗೆ ದಿನಕ್ಕೆ ಏಳು ಪಿರಿಯಡ್ ಕೊಟ್ಟು, ಆಮೇಲೆ "ನಿಮ್ಮನ್ನು ನೀವು ಅರಿತುಕೊಳ್ಳಿ" ಎನ್ನುವುದು ಅನ್ಯಾಯ. ಅಲ್ಲಿ ಬದಲಾಗಬೇಕಾದದ್ದು ವ್ಯವಸ್ಥೆ. ಹಾಗೆಯೇ ಪಾಠದ ನಡುವೆ ಕ್ಷಣಕ್ಷಣವೂ ತನ್ನನ್ನೇ ಗಮನಿಸುತ್ತ ನಿಂತರೆ ಮಾತು ಎಡವುತ್ತದೆ, ಮಕ್ಕಳ ಮೇಲಿನ ಗಮನವೇ ತಪ್ಪುತ್ತದೆ. ಒಂದು ಹೊತ್ತಿಗೆ ಒಂದೇ ಸಂಗತಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಒಂದು ಅಭ್ಯಾಸ ಬದಲಾಗಿ ಕೈಗೆ ಕೂತ ಮೇಲೆ ಅದು ಗಮನ ಬೇಡುವುದಿಲ್ಲ, ಆಗ ಇನ್ನೊಂದಕ್ಕೆ ಹೋಗಬಹುದು.

ನಿಮ್ಮ ಮುಖ್ಯೋಪಾಧ್ಯಾಯರಿಗೆ ಈ ಉತ್ತರವನ್ನು ತೋರಿಸುವುದಾದರೆ ಇದೊಂದನ್ನು ಅವರಿಗೂ ಹೇಳಿ: ಶಿಕ್ಷಕರು ತಮ್ಮ ಕಲಿಕೆಗಾಗಿ ಮಾಡಿಕೊಂಡ ಧ್ವನಿಮುದ್ರಣ, ಗೀಟಿನ ನಕ್ಷೆ, ಮಕ್ಕಳ ಚೀಟಿ ಇವುಗಳನ್ನು ಅವರ ವಾರ್ಷಿಕ ಮೌಲ್ಯಮಾಪನಕ್ಕೆ ಬಳಸಬಾರದು. ಬಳಸಿದ ದಿನದಿಂದ ಎಲ್ಲರೂ ಮೊದಲೇ ತಾಲೀಮು ಮಾಡಿದ ಪಾಠವನ್ನಷ್ಟೇ ಮುದ್ರಿಸುತ್ತಾರೆ.

ನಾಳೆಯ ಮಟ್ಟಿಗೆ ಆ ಮಕ್ಕಳ ಎದುರು ಒಂದು ಮಾತು ಹೇಳಿ ಎಂದು ಕೇಳಿಕೊಳ್ಳುತ್ತೇನೆ. "ನೀವು ಬರೆದದ್ದನ್ನು ಓದಿದೆ. ಕೆಲವರನ್ನೇ ಪ್ರಶ್ನೆ ಕೇಳುತ್ತೇನೆ ಎಂದು ಮೂವರು ಬರೆದಿದ್ದೀರಿ. ಅದು ನನ್ನ ಗಮನಕ್ಕೆ ಬಂದಿರಲಿಲ್ಲ. ಇನ್ನು ಮುಂದೆ ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ, ಯಾರೂ ಅವಸರದಿಂದ ಕೈ ಎತ್ತಬೇಡಿ, ಎಲ್ಲರೂ ಯೋಚಿಸಿ." ಇಷ್ಟು ಹೇಳಿ ಮೊದಲ ಪ್ರಶ್ನೆ ಕೇಳಿ. ಆಮೇಲೆ ಮನಸ್ಸಿನಲ್ಲಿ ನಿಧಾನವಾಗಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ. ಮೊದಮೊದಲು ಆ ಮೌನ ಬಹಳ ಉದ್ದವೆನಿಸುತ್ತದೆ, ಅದನ್ನು ತುಂಬಬೇಕೆಂದು ಬಾಯಿ ತವಕಿಸುತ್ತದೆ. ಎಣಿಕೆ ನಾಲ್ಕಕ್ಕೆ ಮುಟ್ಟುವವರೆಗೆ ತಡೆದುಕೊಂಡು, ಹಿಂದಿನ ಬೆಂಚುಗಳ ಕಡೆಗೊಮ್ಮೆ ನೋಡಿ.